ಬೆಳಕಿಗೆ ಹಿಡಿದು ನೋಡಿದ್ದು

"ವಹಿನಿ, ಪೋರಾಚಂ ತೋಂಡ ಸುಜಲಂಯ್."

1999ರ ಮಳೆಗಾಲದ ಒಂದು ಬೆಳಿಗ್ಗೆ ಪಕ್ಕದ ಮನೆಯಾಕೆ ನಮ್ಮ ಹೊಸ್ತಿಲಲ್ಲಿ ನಿಂತು ಹೇಳಿದ ಮಾತು ಇದು. ಹುಡುಗನ ಮುಖ ಊದಿದೆಯಲ್ಲ ಅಂದಳು. ನಾನೂ ನೋಡಿದ್ದೆ, ನಿದ್ದೆ ಹೆಚ್ಚಾಗಿರಬೇಕು ಅಂದುಕೊಂಡಿದ್ದೆ. ಮಗನಿಗೆ ಆಗ ಮೂರು ವರ್ಷ. ಬೆಳಿಗ್ಗೆ ಎರಡೂ ರೆಪ್ಪೆ ಹಲಸಿನ ತೊಳೆಯ ಹಾಗೆ ಉಬ್ಬಿರುತ್ತಿದ್ದವು. ಸಂಜೆಯಾದರೆ ಮುಖ ಇಳಿದು ಆ ಊತವೆಲ್ಲ ಪಾದಕ್ಕೆ ಬರುತ್ತಿತ್ತು. ಚಪ್ಪಲಿಯ ಪಟ್ಟಿ ಒತ್ತಿದ ಗುರುತು ರಾತ್ರಿಯವರೆಗೂ ಮಾಸುತ್ತಿರಲಿಲ್ಲ.

ನಾವಿರುವ ಸಟಾಣಾ ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಬಾಗಲಾಣ ತಾಲ್ಲೂಕಿನ ಊರು. ಆರಮ್ ಹೊಳೆಯ ದಡ. ವಿಂಚೂರ್‌ನಿಂದ ಪ್ರಕಾಶೆಗೆ ಹೋಗುವ ಹೆದ್ದಾರಿ ಊರೊಳಗಿಂದಲೇ ಹಾಯುತ್ತದೆ. ಆ ರಸ್ತೆಯ ಮೇಲೆ ನನ್ನ ಗಂಡ ಮತ್ತು ಭಾವ ಸೇರಿ ಇಡ್ಲಿ-ದೋಸೆಯ ಹೋಟೆಲು ಇಟ್ಟಿದ್ದರು. ಸಂತೆಯಲ್ಲಿ ಅಹಿರಾಣಿ, ಅಂಗಡಿಯಲ್ಲಿ ಮರಾಠಿ, ಮನೆಯ ನಾಲ್ಕು ಗೋಡೆಯೊಳಗೆ ನಮ್ಮ ಕುಂದಾಪುರದ ಕನ್ನಡ. ಪಕ್ಕದ ಮನೆಯಾಕೆಯನ್ನು ನಾನು 'ತಾಯಿ' ಅನ್ನುತ್ತಿದ್ದೆ. ಮರಾಠಿಯಲ್ಲಿ ತಾಯಿ ಅಂದರೆ ಅಕ್ಕ. ಊರಿನಿಂದ ಬಂದ ಅಮ್ಮ ಅದನ್ನು ಕೇಳಿ, "ಅಡ್ಡಿಲ್ಲೆ, ಹೆಸರು ಸಮಾ ಇತ್" ಎಂದಿದ್ದಳು.

ಎಸ್‌ಟಿಡಿ ಬೂತಿನಿಂದ ಅಮ್ಮನಿಗೆ ಫೋನು ಮಾಡಿದೆ. ಅಮ್ಮ ಅಜ್ಜಿಯ ಕೈಗೆ ಕೊಟ್ಟಳು. ಅಜ್ಜಿ ಹೇಳಿದ್ದು ಒಂದೇ: ಉಪ್ಪು ಮುಟ್ಟಿಸಬೇಡ, ಮೈಯಲ್ಲಿ ನೀರು ನಿಂತಿದೆ, ಗಂಜಿ ಕೊಡು, ನೆಗ್ಗಿನ ಮುಳ್ಳಿನ ಕಷಾಯ ಕೊಡು. ಊತಕ್ಕೆ ಉಪ್ಪಿಲ್ಲದ ಪಥ್ಯ ನಮ್ಮ ಕಡೆ ಯಾವ ಕಾಲದಿಂದ ಇದೆಯೋ. ಕಾರಣ ತಿಳಿಯದೆಯೂ ನಮ್ಮ ಅಜ್ಜಿಯರು ಅದರಲ್ಲಿ ಅರ್ಧ ಸರಿ ಇದ್ದರು. ಆದರೆ ಉಳಿದರ್ಧಕ್ಕೆ ಮೂತ್ರ ನೋಡಬೇಕಿತ್ತು.

ನಾಸಿಕ್‌ನ ಮಕ್ಕಳ ಡಾಕ್ಟರು ನಮ್ಮೆದುರೇ ಮಗನ ಮೂತ್ರವನ್ನು ಗಾಜಿನ ನಳಿಗೆಗೆ ಹಾಕಿ ಸ್ಪಿರಿಟ್ ದೀಪದ ಮೇಲೆ ಹಿಡಿದರು. ತಿಳಿಯಾಗಿದ್ದದ್ದು ಮೇಲಿನಿಂದ ಬೆಳ್ಳಗಾಗುತ್ತ ಬಂದು, ಕೊನೆಗೆ ಒಡೆದ ಹಾಲಿನ ಹಾಗೆ ಗಟ್ಟಿ ಕಟ್ಟಿತು. "ಮೊಟ್ಟೆಯ ಬಿಳಿ ಕುದಿಸಿದರೆ ಏನಾಗುತ್ತದೋ ಅದೇ ಇದು. ಮೈಯ ಪ್ರೋಟೀನು ಕಿಡ್ನಿಯಿಂದ ಸೋರುತ್ತಿದೆ" ಅಂದರು. ನೆಫ್ರೋಟಿಕ್ ಅನ್ನುವ ಶಬ್ದ ಅಂದು ಮೊದಲು ಕೇಳಿದೆ.

ನಾನು ಕುಂದಾಪುರದ ಭಂಡಾರ್‌ಕಾರ್ಸ್ ಕಾಲೇಜಿನಲ್ಲಿ ಇತಿಹಾಸ ಓದಿದವಳು. ಮದುವೆಯಾಗಿ ಬಂದ ಮೇಲೆ ಆ ಓದು ಕೆಲಸಕ್ಕೆ ಬಂದದ್ದು ಆಸ್ಪತ್ರೆಯ ಬೆಂಚುಗಳ ಮೇಲೆ. ಮಗನ ಕಾಯಿಲೆಗೂ ಒಂದು ಹಿಂದಿನ ಕಥೆ ಇರಬೇಕಲ್ಲ ಎಂದು ಹುಡುಕುತ್ತ ಹೋದೆ. ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ ಎಂಬ ವೈದ್ಯ 1827ರಲ್ಲಿ ಮೂರು ಸಂಗತಿಗಳನ್ನು ಒಂದಕ್ಕೊಂದು ಜೋಡಿಸಿದ್ದ: ಊದಿದ ಮೈ, ಕಾಯಿಸಿದರೆ ಗಟ್ಟಿಯಾಗುವ ಮೂತ್ರ, ಸತ್ತ ಮೇಲೆ ಕೊಯ್ದು ನೋಡಿದಾಗ ಕೆಟ್ಟಿರುವ ಮೂತ್ರಪಿಂಡ. ಅವನ ಉಪಕರಣ ಒಂದು ಚಮಚೆ, ಒಂದು ಮೇಣದ ಬತ್ತಿ. ಚಮಚೆಯಲ್ಲಿ ಸ್ವಲ್ಪ ಮೂತ್ರ ತೆಗೆದು ಬತ್ತಿಯ ಉರಿಗೆ ಹಿಡಿಯುವುದು, ಅಷ್ಟೆ. ಮುಂದೆ ಬಹಳ ಕಾಲ ಈ ರೋಗಕ್ಕೆ ಅವನ ಹೆಸರೇ ನಿಂತಿತು.

ಗೊತ್ತಾಯಿತು, ಆದರೆ ಮದ್ದಿರಲಿಲ್ಲ. ನೂರು ವರ್ಷಕ್ಕೂ ಮೇಲೆ ಹೀಗೆ ಊದಿದ ಮಕ್ಕಳಲ್ಲಿ ಬಹುಪಾಲು ಸೋಂಕು ತಗಲಿ ಸಾಯುತ್ತಿದ್ದವು. ದಡಾರ ಬಂದು ಹೋದ ಮೇಲೆ ಕೆಲವು ಮಕ್ಕಳ ಊತ ತಾನಾಗಿ ಇಳಿಯುತ್ತದೆ ಎಂದು ಕಂಡ ವೈದ್ಯರು 1940ರ ದಶಕದಲ್ಲಿ ಬೇಕೆಂದೇ ದಡಾರ ಹತ್ತಿಸಿ ನೋಡಿದ್ದೂ ಉಂಟು. ಅದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟೆ. ಒಂದು ಕಾಯಿಲೆ ಇಳಿಯಲೆಂದು ಇನ್ನೊಂದನ್ನು ಮಗುವಿಗೆ ಹತ್ತಿಸಲು ಒಪ್ಪಿದ ತಾಯಿಯ ಎದೆ ಹೇಗಿದ್ದಿರಬೇಕು! ಸ್ಟೀರಾಯ್ಡ್ ಬಂದದ್ದು 1950ರ ದಶಕದಲ್ಲಿ. ಅಲ್ಲಿಂದ ಈಚೆಗೆ ನೆಫ್ರೋಟಿಕ್ ಮಕ್ಕಳಲ್ಲಿ ಹೆಚ್ಚಿನವರು ಬದುಕುತ್ತಾರೆ, ಬೆಳೆದು ರೋಗ ಕಳಚಿಕೊಳ್ಳುತ್ತಾರೆ. ಮಾತ್ರೆಗೆ ಬಗ್ಗದವರು ಕೆಲವರು ಉಳಿಯುತ್ತಾರೆ. ನನ್ನ ಮಗ ಆ ಕೆಲವರಲ್ಲಿ ಒಬ್ಬ.

ಡಾಕ್ಟರು ನಳಿಗೆಯನ್ನು ನನ್ನ ಕೈಗೇ ಕೊಟ್ಟರು. ದಿನಾ ಬೆಳಿಗ್ಗೆ ಮೊದಲ ಮೂತ್ರ, ಮೊದಮೊದಲು ಕಾಯಿಸಿ, ಆಮೇಲೆ ಸಲ್ಫೋಸ್ಯಾಲಿಸಿಲಿಕ್ ಆಸಿಡ್ಡಿನ ನಾಲ್ಕು ಹನಿ ಹಾಕಿ. ಕಿಟಕಿಯ ಬೆಳಕಿಗೆ ಹಿಡಿಯಬೇಕು. ತಿಳಿ ಇದ್ದರೆ ಸೊನ್ನೆ, ಮಬ್ಬಾದರೆ ಒಂದು, ಹಾಲಾದರೆ ಮೂರು. ಹೋಟೆಲಿನ ಲೆಕ್ಕದ ಕೆಂಪು ವಹಿಯೊಂದರಲ್ಲಿ ಬರೆದಿಡುತ್ತಿದ್ದೆ. ಒಂಬತ್ತು ವರ್ಷದಲ್ಲಿ ಅಂಥ ಏಳು ವಹಿ ತುಂಬಿದವು. ಮನೆಯಲ್ಲಿ ಬೆಳಿಗ್ಗೆ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನಳಿಗೆಯಲ್ಲಿ ಏನಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ನಾನು ಒಲೆಯ ಕಡೆ ತಿರುಗಿದರೆ ತಿಳಿ, ಅಲ್ಲೇ ನಿಂತರೆ ಮಬ್ಬು.

ಬ್ರೈಟನ ಚಮಚೆ ಚರಿತ್ರೆಯಲ್ಲಿದೆ. ಆದರೆ ಆ ಪರೀಕ್ಷೆಯನ್ನು ಅವನ ನಂತರ ದಿನದಿನವೂ ಮಾಡಿದವರು ಅಡುಗೆಮನೆಯ ಹೆಂಗಸರು. ಮಕ್ಕಳ ಕಿಡ್ನಿಯ ವೈದ್ಯಶಾಸ್ತ್ರದ ಒಂದು ಕಾಲು ಯಾವಾಗಲೂ ಮನೆಯೊಳಗೇ ಊರಿಕೊಂಡಿತ್ತು ಎಂದು ನನಗೆ ಖಚಿತವಾಗಿ ಅನಿಸುತ್ತದೆ. ಅದನ್ನು ಯಾರೂ ಬರೆದಿಟ್ಟಿಲ್ಲ.

ವೈಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯಿಂದ ಹುಡುಗನ ಕೆನ್ನೆ ದುಂಡಗಾಯಿತು, ಹೊಟ್ಟೆ ಬಂತು, ಎತ್ತರ ನಿಂತುಹೋಯಿತು. ಊರಿಗೆ ಹೋದಾಗ "ಎಷ್ಟು ಚಂದ ದಪ್ಪ ಆಯ್ದ" ಅನ್ನುವವರೇ. ಶಾಲೆಯಲ್ಲಿ ಮತ್ತೆ ಮತ್ತೆ ಮೂತ್ರಕ್ಕೆ ಎದ್ದನೆಂದು ಒಬ್ಬರು ಟೀಚರು ಬೆಂಚಿನ ಮೇಲೆ ನಿಲ್ಲಿಸಿದರು. ಸಂಜೆ ಒದ್ದೆ ಚಡ್ಡಿಯನ್ನು ಶಾಲೆಯ ಚೀಲದಲ್ಲಿ ಅಡಗಿಸಿಕೊಂಡು ಬಂದ. ಆ ಟೀಚರಿಗೆ ನಾನು ಹೋಗಿ ಏನೂ ಹೇಳಲಿಲ್ಲ. ಹೇಳಬೇಕಿತ್ತು. ಅದು ಇಂದಿಗೂ ನೋಯುತ್ತದೆ.

ಮುಂಬಯಿಯ ಓಡಾಟ ಶುರುವಾಯಿತು. ಕಿಡ್ನಿಯ ಚೂರು ತೆಗೆದು ನೋಡುವ ಪರೀಕ್ಷೆಗೆ, ಮದ್ದು ಬದಲಿಸುವುದಕ್ಕೆ. ಹಿಂದಿನ ದಿನ ಎಸ್.ಟಿ. ಬಸ್ಸಿನಲ್ಲಿ ತೊಂಬತ್ತು ಕಿಲೋಮೀಟರು ನಾಸಿಕ್‌ಗೆ ಹೋಗಿ ಪರಿಚಯದವರ ಮನೆಯಲ್ಲಿ ಮಲಗುವುದು. ಬೆಳಿಗ್ಗೆ ನಾಸಿಕ್ ರೋಡ್ ಸ್ಟೇಷನ್ನಿನಲ್ಲಿ ಪಂಚವಟಿ ಎಕ್ಸ್‌ಪ್ರೆಸ್ ಹತ್ತುವುದು. ಕಸಾರಾ ಘಾಟು ಇಳಿದು ದಾದರ್. ಸಂಜೆ ಅದೇ ಗಾಡಿಯಲ್ಲಿ ವಾಪಸು. ನೌಕರಿಯ ಜನ ದಿನಾ ಓಡಾಡುವ ಆ ಗಾಡಿಯಲ್ಲಿ ನಮ್ಮಂಥವರನ್ನು ಗುರುತಿಸುವುದು ಸುಲಭ. ಎದೆಗವಚಿದ ದೊಡ್ಡ ಫೈಲು, ನೀರಿನ ಬಾಟಲಿಗೆ ಎಳೆದ ಅಳತೆಯ ಗೆರೆ. ಮಾಲೇಗಾಂವ್, ಚಾಂದವಡ್, ಯೇವಲಾ ಕಡೆಯ ತಾಯಂದಿರು ಅಲ್ಲಿ ಸಿಕ್ಕಿದರು. ದಿನಗೂಲಿಯವರ ಮನೆಯಲ್ಲಿ ಒಂದು ಸಲ ಮುಂಬಯಿಗೆ ಹೋಗಿಬರುವುದೆಂದರೆ ಗಂಡಹೆಂಡಿರಿಬ್ಬರ ಎರಡು ದಿನದ ಕೂಲಿ ಹೋಯಿತು, ಮೇಲೆ ಟಿಕೇಟು, ಮೇಲೆ ಊಟ. ಅಪ್ಪ ಮೊದಲ ವರ್ಷ ಬರುತ್ತಾನೆ, ಎರಡನೆಯ ವರ್ಷ ಬಸ್‌ಸ್ಟ್ಯಾಂಡಿನವರೆಗೆ ಬಂದು ಬಿಡುತ್ತಾನೆ. ದುಡಿಯಲೇಬೇಕಲ್ಲ. ಅವನನ್ನು ನಾನು ದೂರುವುದಿಲ್ಲ.

ನಮ್ಮ ದೇಶದಲ್ಲಿ ಮಕ್ಕಳ ಕಿಡ್ನಿಗೆಂದೇ ಬೇರೆ ವೈದ್ಯರು ಬೇಕು ಎಂಬ ತಿಳುವಳಿಕೆ ಬೆಳೆದದ್ದು ತಡವಾಗಿ. ದೆಹಲಿಯ ಏಮ್ಸ್‌ನಲ್ಲಿ ಆರ್. ಎನ್. ಶ್ರೀವಾಸ್ತವ, ಮುಂಬಯಿಯ ಪರೇಲ್‌ನಲ್ಲಿ 1929ರಿಂದ ಇರುವ ವಾಡಿಯಾ ಮಕ್ಕಳ ಆಸ್ಪತ್ರೆಯಲ್ಲಿ ಕುಮುದ್ ಮೆಹ್ತಾ, ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಕಿಶೋರ್ ಫಡ್ಕೆ, ಹೀಗೆ ಬೆರಳೆಣಿಕೆಯವರು ಈ ವಿದ್ಯೆಯನ್ನು ಇಲ್ಲಿ ನೆಲೆಗೊಳಿಸಿದರು. ಅವರು ಕಲಿಸಿದ ಶಿಷ್ಯರೂ ಹೆಚ್ಚಾಗಿ ದೊಡ್ಡ ನಗರಗಳಲ್ಲೇ ಉಳಿದರು. ಬಾಗಲಾಣದ ಮಗುವಿಗೆ ಅದು ಬಸ್ಸು, ರೈಲು, ಇನ್ನೊಂದು ಬಸ್ಸಿನ ಆಚೆಗಿನ ವಿದ್ಯೆ.

ಸಟಾಣಾ ದಾಳಿಂಬೆಯ ಸೀಮೆ. ಪಕ್ಕದ ಮನೆಯ ತಾಯಿಯವರದೂ ದಾಳಿಂಬೆ ತೋಟ. ಹಣ್ಣು ಕೊಯ್ದ ದಿನ ಮೊದಲ ಬುಟ್ಟಿ ನಮ್ಮ ಮನೆಗೆ ಬರುತ್ತಿತ್ತು. 2006ರ ಹೊತ್ತಿಗೆ ಮಗನ ರಕ್ತದಲ್ಲಿ ಕ್ರಿಯೇಟಿನಿನ್, ಅಂದರೆ ಕಿಡ್ನಿ ಸೋಲುತ್ತಿರುವ ಗುರುತು, ಏರತೊಡಗಿದಾಗ ಮುಂಬಯಿಯಲ್ಲಿ ಒಂದು ಚೀಟಿ ಕೊಟ್ಟರು: ಪೊಟ್ಯಾಸಿಯಂ ಇರುವುದು ಕೊಡಬಾರದು. ಬಾಳೆಹಣ್ಣು, ಎಳನೀರು, ದಾಳಿಂಬೆ ಎಲ್ಲ ಅದರಲ್ಲಿ. ತರಕಾರಿಯನ್ನು ಸಣ್ಣಗೆ ಹೆಚ್ಚಿ, ನೀರಲ್ಲಿ ನೆನೆಹಾಕಿ, ಬೇಯಿಸಿ, ಆ ನೀರು ಚೆಲ್ಲಿ ಆಮೇಲೆ ಒಗ್ಗರಣೆ. ರುಚಿಯೆಲ್ಲ ಬಚ್ಚಲಿಗೆ. ಇಡೀ ಊರಿಗೆ ಸಾಂಬಾರು ಬಡಿಸುವ ಮನೆಯ ಮಗ ತಟ್ಟೆಯ ಮುಂದೆ ಕೂತು ಅಳುತ್ತಿದ್ದ. ಅದು ಗೊತ್ತಾದ ಮೇಲೆ ತಾಯಿ ಬುಟ್ಟಿಯನ್ನು ಹಿಂಬಾಗಿಲಿನಿಂದ ಹೋಟೆಲಿಗೆ ಕಳಿಸುತ್ತಿದ್ದಳು, ಹುಡುಗನ ಕಣ್ಣಿಗೆ ಬೀಳಬಾರದೆಂದು. ಮುಂದೆ ತೇಲ್ಯಾ ರೋಗ ಬಂದು ಅವರ ತೋಟವೇ ಹೋಯಿತು. ಆ ವರ್ಷ ಅವರ ಮನೆಯಲ್ಲಿ ಒಲೆ ಹೊತ್ತದ ದಿನ ನಮ್ಮ ಹೋಟೆಲಿನಿಂದ ಊಟ ಹೋಗಿದೆ. ಎರಡು ಮನೆಯ ಲೆಕ್ಕ ಎಂದೂ ಯಾರೂ ಬರೆದಿಡಲಿಲ್ಲ.

2008ರಲ್ಲಿ ಎರಡೂ ಕಿಡ್ನಿ ಸೋತವು. ಮಗನಿಗೆ ಹನ್ನೆರಡು ವರ್ಷ, ತೂಕ ಇಪ್ಪತ್ತಮೂರು ಕೆ.ಜಿ. ವಾರಕ್ಕೆ ಮೂರು ಸಲ ಯಂತ್ರದ ಡಯಾಲಿಸಿಸ್‌ಗೆ ದೂರದೂರು ಓಡುವುದು ಆಗದ ಮಾತು. ಹೊಟ್ಟೆಯೊಳಗೆ ನಳಿಗೆ ಕೂರಿಸಿ ಮನೆಯಲ್ಲೇ ಮಾಡುವ ಡಯಾಲಿಸಿಸ್ ಕಲಿತುಕೊಳ್ಳಿ ಅಂದರು. ಹತ್ತು ದಿನ ಮುಂಬಯಿಯಲ್ಲಿದ್ದು ಕಲಿತೆ.

ಮನೆಯಲ್ಲಿ ಡಯಾಲಿಸಿಸ್ ಎಂಬುದಕ್ಕೂ ಒಂದು ಮಗುವಿನ ಕಥೆ ಇದೆ. ಯುದ್ಧದ ನಡುವೆ, 1943ರಲ್ಲಿ, ಹಾಲೆಂಡಿನ ವಿಲೆಮ್ ಕೋಲ್ಫ್ ಕೃತಕ ಮೂತ್ರಪಿಂಡ ಕಟ್ಟಿದ. 1960ರಲ್ಲಿ ಅಮೆರಿಕದ ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್ ರೋಗಿಯ ಕೈಯಲ್ಲಿ ತೆಗೆಯದೆ ಬಿಡಬಹುದಾದ ಟೆಫ್ಲಾನ್ ನಳಿಗೆ ಕೂರಿಸಿದ್ದರಿಂದ ಅದನ್ನು ಮತ್ತೆ ಮತ್ತೆ ಮಾಡಲು ಸಾಧ್ಯವಾಯಿತು. ಯಂತ್ರ ಕೆಲವೇ, ರೋಗಿಗಳು ಬಹಳ. ಯಾರಿಗೆ ಕೊಡಬೇಕು ಎಂದು ಆರಿಸಲು ಊರಿನ ಏಳು ಜನರ ಸಮಿತಿ ಕೂತಿತು. ಮಕ್ಕಳನ್ನು ಅವರು ತೆಗೆದುಕೊಳ್ಳುತ್ತಲೇ ಇರಲಿಲ್ಲ. 1964ರಲ್ಲಿ ಹದಿನಾರರ ಹುಡುಗಿಯೊಬ್ಬಳಿಗೆ ಹೀಗೆ ಜಾಗ ಸಿಗದೆ ಹೋದಾಗ, ಆಲ್ಬರ್ಟ್ ಬ್ಯಾಬ್ ಎಂಬ ಎಂಜಿನಿಯರು ಸಂಗಡಿಗರೊಂದಿಗೆ ಹಗಲಿರುಳು ದುಡಿದು ಮನೆಯಲ್ಲಿ ಇಡಬಹುದಾದ ಯಂತ್ರ ಮಾಡಿಕೊಟ್ಟ. ಅದನ್ನು ನಡೆಸಲು ಕಲಿತವರಲ್ಲಿ ಹುಡುಗಿಯ ತಾಯಿಯೂ ಇದ್ದಳು. ಮುಂದೆ ಲೋಕದ ಆಸ್ಪತ್ರೆಗಳಿಗೆಲ್ಲ ಬಂದ ಯಂತ್ರಗಳಿಗೆ ಆ ಮನೆಯ ಯಂತ್ರವೇ ಮೂಲಮಾದರಿ. ಹೊಟ್ಟೆಯ ಚೀಲದ ವಿಧಾನವನ್ನು 1970ರ ದಶಕದ ಕೊನೆಯಲ್ಲಿ ಪೊಪೊವಿಚ್, ಮಾನ್‌ಕ್ರೀಫ್ ಎಂಬವರು ಅಮೆರಿಕದಲ್ಲೂ ಒರಿಯೊಪೌಲೋಸ್ ಟೊರಾಂಟೋದಲ್ಲೂ ಬೆಳೆಸಿದರು. ನಮ್ಮ ದೇಶಕ್ಕೆ ಅದು 1991ರಲ್ಲಿ ಬಂತು, ನಮ್ಮ ಮನೆಗೆ 2008ರಲ್ಲಿ.

ಹೋಟೆಲಿನ ಮೇಲಿನ ಕೋಣೆಗೆ ಸುಣ್ಣ ಬಳಿಸಿದೆವು. ದಿನಕ್ಕೆ ನಾಲ್ಕು ಸಲ: ಬೆಳಿಗ್ಗೆ ಆರು, ಹನ್ನೆರಡು, ಸಂಜೆ ಆರು, ಮಲಗುವ ಮುಂಚೆ. ಫ್ಯಾನು ನಿಲ್ಲಿಸಿ, ಬಾಗಿಲು ಹಾಕಿ, ಮೂಗುಬಾಯಿಗೆ ಬಟ್ಟೆ ಕಟ್ಟಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಗೋಡೆಯ ಮೊಳೆಗೆ ಚೀಲ ತೂಗುಹಾಕಿ ಹೊಟ್ಟೆಗೆ ನೀರಿಳಿಸುವುದು. ಹಳೆಯ ನೀರು ಕೆಳಗಿನ ಚೀಲಕ್ಕೆ ಬರುತ್ತದೆ. ಅದನ್ನು ಮರಾಠಿ ಪೇಪರಿನ ಮೇಲಿಟ್ಟು ನೋಡಬೇಕು. ಅಕ್ಷರ ಓದಲು ಬಂದರೆ ತಿಳಿ ಇದೆ, ಓದಲು ಬರದಿದ್ದರೆ ಹೊಟ್ಟೆಯಲ್ಲಿ ಸೋಂಕು, ಆಗಿಂದಾಗ್ಗೆ ಹೊರಡಬೇಕು. ಒಂಬತ್ತು ವರ್ಷ ನಳಿಗೆಯ ಮಬ್ಬು ನೋಡಿದ ಕಣ್ಣಿಗೆ ಅದೇನೂ ಹೊಸತಾಗಿರಲಿಲ್ಲ. ಎರಡು ಸಲ ಅಕ್ಷರ ಕಾಣಲಿಲ್ಲ. ಎರಡೂ ಸಲ ರಾತ್ರಿಯೇ ಜೀಪು ಮಾಡಿಸಿಕೊಂಡು ಹೊರಟೆವು.

ಆಗ ಮಹಾರಾಷ್ಟ್ರದ ಹಳ್ಳಿಪಟ್ಟಣಗಳಲ್ಲಿ ದಿನಕ್ಕೆ ಎಂಟು ಹತ್ತು ತಾಸು ಲೋಡ್‌ಶೆಡಿಂಗು. ರಕ್ತ ಏರಿಸುವ ಇಂಜೆಕ್ಷನ್ನು ತಂಪಾಗಿರಬೇಕು, ಹೆಪ್ಪುಗಟ್ಟಬಾರದು. ಹೋಟೆಲಿನ ಹಾಲಿನ ಫ್ರಿಜ್ಜಿನಲ್ಲಿ, ಸ್ಟೀಲ್ ಡಬ್ಬಿಯೊಳಗೆ, ಸುತ್ತ ಐಸು ಇಟ್ಟು ಕಾಯ್ದೆವು. ಕೆಲಸದ ಹುಡುಗರಿಗೂ ಅದು ಗೊತ್ತಿತ್ತು. ಕರೆಂಟು ಹೋದ ಕೂಡಲೇ ಯಾರೋ ಒಬ್ಬ ಐಸು ತರಲು ಓಡುತ್ತಿದ್ದ. ಚೀಲ, ಮದ್ದು ಎಲ್ಲ ಸೇರಿ ತಿಂಗಳಿಗೆ ಇಪ್ಪತ್ತೈದು ಸಾವಿರ. ಹೋಟೆಲಿನಲ್ಲಿದ್ದ ನಮ್ಮ ಪಾಲಿನ ಅರ್ಧವನ್ನು ಗಂಡ ಭಾವನಿಗೇ ಬರೆದುಕೊಟ್ಟರು. ಭಾವ ಬೇಡ ಬೇಡ ಎಂದೇ ದುಡ್ಡು ಕೊಟ್ಟರು. ಆಮೇಲೆ ಅಣ್ಣತಮ್ಮಂದಿರು ಗಲ್ಲಾದ ಮುಂದೆ ಒಟ್ಟಿಗೆ ಕೂತು ಕಾಫಿ ಕುಡಿದದ್ದನ್ನು ನಾನು ಕಾಣಲಿಲ್ಲ. ಜಗಳವಾಗಿರಲಿಲ್ಲ. ಮಾತು ಕಡಿಮೆಯಾಯಿತು, ಅಷ್ಟೆ.

ಇನ್ನೊಂದು ವಿಷಯ ಬರೆಯಲೇಬೇಕು. ನನಗೊಬ್ಬಳು ಮಗಳೂ ಇದ್ದಾಳೆ, 2000ದಲ್ಲಿ ಹುಟ್ಟಿದವಳು. ಐದು ವರ್ಷವಾದಾಗ ಅವಳನ್ನು ಬೈಂದೂರಿನಲ್ಲಿ ಅಮ್ಮನ ಹತ್ತಿರ ಬಿಟ್ಟೆ. ಶಾಲೆ ಅಲ್ಲೇ ಸೇರಿಸಿದೆವು. ಒಂದು ವರ್ಷಕ್ಕೆಂದು ಬಿಟ್ಟದ್ದು ಆರು ವರ್ಷವಾಯಿತು. ಭಾನುವಾರ ಫೋನು ಮಾಡಿದರೆ ಅವಳು ಮೊದಲು ಕೇಳುತ್ತಿದ್ದದ್ದು ಅಣ್ಣನ ಆರೋಗ್ಯ. ಯಾರು ಹೇಳಿಕೊಟ್ಟಿದ್ದರೋ. ಆಮೇಲೆ ಅವಳಿಗೆ ಹೇಳಲು ಏನೂ ಇರುತ್ತಿರಲಿಲ್ಲ, ನನಗೂ. ಅವಳ ಹಲ್ಲು ಬಿದ್ದದ್ದು, ದೊಡ್ಡ ಮನುಷ್ಯಳಾದದ್ದು ಎಲ್ಲ ನನಗೆ ಸುದ್ದಿಯಾಗಿಯೇ ಬಂತು. 2011ರಲ್ಲಿ ಕರೆತರಲು ಹೋದಾಗ ಅಜ್ಜಿಯ ಸೆರಗು ಹಿಡಿದು, "ನಾ ಬತ್ತಿಲ್ಲೆ" ಎಂದಳು. ಅಮ್ಮನೆಂದು ಕರೆದದ್ದು ನನ್ನ ಅಮ್ಮನನ್ನು. ಮಗನ ಹೊಟ್ಟೆಗೆ ನಳಿಗೆ ಹಾಕಿದ ದಿನವೂ ನಾನು ಅಷ್ಟು ಅತ್ತಿರಲಿಲ್ಲ.

ಮಗನಿಗೆ ನನ್ನ ಕಿಡ್ನಿ ಕೊಟ್ಟದ್ದು 2010ರಲ್ಲಿ. ಮನೆಯವರೇ ಕಿಡ್ನಿ ಕೊಡುವ ಕಥೆಯ ಮೊದಲ ಅಧ್ಯಾಯವೂ ಒಬ್ಬ ತಾಯಿಯದೇ. ಪ್ಯಾರಿಸ್ಸಿನಲ್ಲಿ ಬಡಗಿ ಕೆಲಸದ ಹದಿನಾರರ ಹುಡುಗನೊಬ್ಬ ಅಟ್ಟಳಿಗೆಯಿಂದ ಬಿದ್ದು ಒಂದು ಕಿಡ್ನಿ ಒಡೆಯಿತು. ತೆಗೆದ ಮೇಲೆ ನೋಡಿದರೆ ಅವನಿಗಿದ್ದದ್ದೇ ಅದೊಂದು. 1952ರ ಕ್ರಿಸ್‌ಮಸ್ ಹೊತ್ತಿಗೆ ನೆಕ್ಕರ್ ಆಸ್ಪತ್ರೆಯಲ್ಲಿ ಅವನ ತಾಯಿ ತನ್ನದೊಂದನ್ನು ಕೊಟ್ಟಳು. ಮೂರು ವಾರ ಅದು ಕೆಲಸ ಮಾಡಿತು, ಆಮೇಲೆ ಮೈ ಒಪ್ಪಲಿಲ್ಲ. ಹುಡುಗ ಉಳಿಯಲಿಲ್ಲ. ಎರಡು ವರ್ಷದ ನಂತರ, 1954ರ ಡಿಸೆಂಬರಿನಲ್ಲಿ, ಬಾಸ್ಟನ್ನಿನ ಜೋಸೆಫ್ ಮರ್ರೆ ಅವಳಿ ಅಣ್ಣತಮ್ಮಂದಿರ ನಡುವೆ ಕಿಡ್ನಿ ಕಸಿ ಮಾಡಿ ಗೆದ್ದ. ನಮ್ಮ ದೇಶದಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ 1965ರಲ್ಲಿ ಪ್ರಯತ್ನ ನಡೆಯಿತು, 1971ರಲ್ಲಿ ವೆಲ್ಲೂರಿನ ಸಿಎಂಸಿಯಲ್ಲಿ ಅದು ಕೈಗೂಡಿತು.

ಕಿಡ್ನಿ ಮಾರಾಟ ತಡೆಯಲು 1994ರಲ್ಲಿ ಬಂದ ಕಾಯಿದೆಯ ಪ್ರಕಾರ ಕೊಡುವವರು ಹತ್ತಿರದ ಸಂಬಂಧಿಕರೆಂದು ರುಜುವಾತು ಆಗಬೇಕು. ಒಳ್ಳೆಯ ಕಾಯಿದೆ, ಬೇಕಾದದ್ದೇ. ಆದರೆ ಮಗ ಹುಟ್ಟಿದ್ದು ತವರಿನಲ್ಲಿ, ಜನನ ಪತ್ರ ಕನ್ನಡದಲ್ಲಿ. ನನ್ನ ಶಾಲೆಯ ಸರ್ಟಿಫಿಕೇಟಿನಲ್ಲಿ ಅಪ್ಪನ ಮನೆಯ ಹೆಸರು, ರೇಷನ್ ಕಾರ್ಡಿನಲ್ಲಿ ಗಂಡನ ಮನೆಯದು. ಮುಂಬಯಿಯ ಮೇಜಿನಾಚೆಯವರಿಗೆ ಕನ್ನಡ ಓದಲು ಬರುವುದಿಲ್ಲ. ಭಾಷಾಂತರ ಮಾಡಿಸಿ, ನೋಟರಿ ಮಾಡಿಸಿ, ಮತ್ತೆ ಕುಂದಾಪುರಕ್ಕೆ ಹೋಗಿ ಇನ್ನೊಂದು ಪ್ರತಿ ತಂದು, ಇಪ್ಪತ್ತೆರಡು ದಿನ. ರಕ್ತದ ಪರೀಕ್ಷೆ ಅಷ್ಟರಲ್ಲಾಗಲೇ ನಾನು ಅವನ ತಾಯಿಯೆಂದು ಹೇಳಿಯಾಗಿತ್ತು. 2011ರ ತಿದ್ದುಪಡಿಯಲ್ಲಿ ಅಜ್ಜ ಅಜ್ಜಿಯರನ್ನೂ ಹತ್ತಿರದವರ ಪಟ್ಟಿಗೆ ಸೇರಿಸಿದರು. ಜೀವಂತ ಇರುವಾಗ ಕಿಡ್ನಿ ಕೊಡುವವರಲ್ಲಿ ನಮ್ಮ ದೇಶದಲ್ಲಿ ಹೆಂಗಸರೇ ಹೆಚ್ಚು. ತಾಯಂದಿರು, ಹೆಂಡಂದಿರು. ಇದು ತ್ಯಾಗವೆಂದು ಹೊಗಳುವವರಿಗೆ ನಾನು ಹೇಳುವುದಿಷ್ಟು: ದುಡಿಯುವವರ ಮೈಗೆ ಕತ್ತಿ ಬೀಳಬಾರದು ಎಂದು ಮನೆಗಳು ಲೆಕ್ಕ ಹಾಕುತ್ತವೆ, ಹೆಂಗಸಿನ ದುಡಿಮೆ ಆ ಲೆಕ್ಕಕ್ಕೆ ಬರುವುದಿಲ್ಲ.

ಸಟಾಣಾದಲ್ಲಿ ದೇವಮಾಮಲೇದಾರರ ಗುಡಿಯಿದೆ. ಯಶವಂತ ಮಹಾದೇವ ಭೋಸೇಕರ್ ಎಂಬವರು ಇಲ್ಲಿ ಬ್ರಿಟಿಷರ ಕಾಲದ ಮಾಮಲೇದಾರರು. 1870-71ರ ಬರದಲ್ಲಿ ಸರ್ಕಾರದ ಖಜಾನೆ ತೆರೆದು ಹಸಿದವರಿಗೆ ಹಂಚಿದರು. 1,27,000 ರೂಪಾಯಿ ಎಂದು ಊರು ಇಂದಿಗೂ ಲೆಕ್ಕ ಹೇಳುತ್ತದೆ. ಜನ ಅವರನ್ನು ದೇವರೆಂದೇ ಕರೆದರು, ವರ್ಷಕ್ಕೊಮ್ಮೆ ಜಾತ್ರೆಯಾಗುತ್ತದೆ. ಕಿಡ್ನಿ ಕೊಡಲು ಮುಂಬಯಿಗೆ ಹೊರಡುವ ಹಿಂದಿನ ದಿನ ಪಕ್ಕದ ಮನೆಯ ತಾಯಿ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ತೆಂಗಿನಕಾಯಿ ಒಡೆಸಿದ್ದಳು.

ಖಜಾನೆ ನಮ್ಮ ಕಾಲದಲ್ಲೂ ತೆರೆದಿದೆ, ತಡವಾಗಿ. ರಾಜ್ಯದ ಜೀವನದಾಯಿ ಯೋಜನೆ 2012ರ ಜುಲೈಯಲ್ಲಿ ಎಂಟು ಜಿಲ್ಲೆಗಳಲ್ಲಿ ಶುರುವಾಯಿತು. ನಮ್ಮ ನೆರೆಯ ಧುಳೆಗೆ ಆಗಲೇ ಸಿಕ್ಕಿತು, ನಾಸಿಕ್‌ಗೆ ಬಂದದ್ದು 2013ರ ನವೆಂಬರಿನಲ್ಲಿ. ಈಗ ಅದು ಮಹಾತ್ಮಾ ಫುಲೆ ಹೆಸರಿನಲ್ಲಿದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಎಂದು ಕೇಂದ್ರ 2016ರಲ್ಲಿ ಸಾರಿತು. 2019ರಲ್ಲಿ ಹೊಟ್ಟೆಯ ಡಯಾಲಿಸಿಸ್‌ಗೂ ನಿಯಮ ಬರೆದರು. ಇವು ದೊಡ್ಡ ಉಪಕಾರ, ನಾನು ಮನಸಾರೆ ನೆನೆಯುತ್ತೇನೆ. ಆದರೆ ಮಗುವಿಗೆ ಬೇಕಾದ ಸಣ್ಣ ಫಿಲ್ಟರು, ಸಣ್ಣ ನಳಿಗೆ, ಸಣ್ಣ ನರ ಹಿಡಿಯಬಲ್ಲ ಕೈ ಎಲ್ಲ ಕಡೆ ಇಲ್ಲ. ಬಸ್ಸಿನ ಖರ್ಚು, ಹೋದ ಕೂಲಿ, ತವರಿನಲ್ಲಿ ಬಿಟ್ಟ ಇನ್ನೊಂದು ಮಗು ಯಾವ ಪ್ಯಾಕೇಜಿನಲ್ಲೂ ಬರೆದಿಲ್ಲ.

ರೋಗ ಬೇಗ ಗೊತ್ತಾಗಲೆಂದು ಜಪಾನಿನಲ್ಲಿ 1974ರಿಂದ ಪ್ರತಿ ಶಾಲಾ ಮಗುವಿನ ಮೂತ್ರವನ್ನು ವರ್ಷಕ್ಕೊಮ್ಮೆ ಪರೀಕ್ಷಿಸುತ್ತಾರೆ. ಬೇಕಾದದ್ದು ಒಂದು ಕಾಗದದ ಪಟ್ಟಿ. ನಮ್ಮ ಶಾಲೆಗಳಿಗೂ ಎತ್ತರ, ತೂಕ, ಕಣ್ಣು, ಹಲ್ಲು ನೋಡಲು ಡಾಕ್ಟರು ಬರುತ್ತಾರೆ. ಆ ಪಟ್ಟಿಯನ್ನೂ ಅವರ ಚೀಲದಲ್ಲಿ ಇಡಿ ಎಂದು ಆಳುವವರನ್ನು ಕೇಳಿಕೊಳ್ಳುತ್ತೇನೆ.

ಮಗನಿಗೆ ಈಗ ಇಪ್ಪತ್ತೊಂಬತ್ತು. ಹೋಟೆಲಿನ ಗಲ್ಲಾದಲ್ಲಿ ಕೂರುತ್ತಾನೆ, ನನ್ನ ಭುಜದೆತ್ತರಕ್ಕೆ ನಿಂತಿದ್ದಾನೆ. ಕ್ರಿಯೇಟಿನಿನ್ 1.6. ಹೊಸ ಕಿಡ್ನಿಗೂ ಹಳೆಯ ರೋಗ ಬರಬಹುದು ಎಂದಿದ್ದರು, ಇದುವರೆಗೆ ಬಂದಿಲ್ಲ. ಮಗಳು ಮಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಕಳೆದ ದೀಪಾವಳಿಗೆ ಬಂದವಳು ಅಟ್ಟದ ಮೇಲಿನ ಏಳು ಕೆಂಪು ವಹಿಗಳನ್ನು ಇಳಿಸಿ ಒಂದೊಂದೇ ಪುಟ ತಿರುಗಿಸುತ್ತ ಕೂತಳು. "ಇದರಲ್ಲಿ ನಂದು ಎಲ್ಲೂ ಇಲ್ಲೆ ಅಲ್ದಾ ಅಮ್ಮ" ಎಂದಳು. ಕೋಪ ಇರಲಿಲ್ಲ ಅವಳ ದನಿಯಲ್ಲಿ.

ಓದುವವರಲ್ಲಿ ನನ್ನ ಬೇಡಿಕೆ ಎರಡು. ಮಗುವಿನ ಕಣ್ಣ ರೆಪ್ಪೆ ಬೆಳಿಗ್ಗೆ ಊದಿ ಸಂಜೆ ಇಳಿಯುತ್ತಿದ್ದರೆ ಕಾಯಬೇಡಿ, ಅಂದೇ ಮೂತ್ರ ಪರೀಕ್ಷೆ ಮಾಡಿಸಿ. ಇಂಥ ಕಾಯಿಲೆಯ ಮನೆಗೆ ನೀವು ಹೋದರೆ ಕಾಯಿಲೆಯ ಮಗುವನ್ನು ಮಾತಾಡಿಸಿ ಆದ ಮೇಲೆ ಮೂಲೆಯಲ್ಲಿ ನಿಂತಿರುವ ಇನ್ನೊಂದು ಮಗುವಿನ ಹೆಸರು ಕೇಳಿ, ಹತ್ತಿರ ಕೂರಿಸಿಕೊಂಡು ಸ್ವಲ್ಪ ಹೊತ್ತು ಅದರ ಶಾಲೆಯ ಸುದ್ದಿ ಕೇಳಿ.